ಅತ್ತೆ ಫ್ಲಾಸ್ಕು, ಸೊಸೆ ಫ್ಲಾಸ್ಕು

ಆಸ್ಪತ್ರೆಯ ಮೂರನೇ ಮಹಡಿಯ ಲ್ಯಾಬಿನಲ್ಲಿ ಎರಡು ಗಾಜಿನ ಫ್ಲಾಸ್ಕುಗಳಿದ್ದವು. ಒಂದರ ಕತ್ತಿನ ಮೇಲೆ ‘ಅತ್ತೆ’ ಎಂದೂ ಇನ್ನೊಂದರ ಮೇಲೆ ‘ಸೊಸೆ’ ಎಂದೂ ಚೀಟಿ ಅಂಟಿಸಿತ್ತು. ಅಂಟಿಸಿದವಳು ಆ ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಸೊಸೆಯೇ. ಇದೆಲ್ಲ ಬರೀ ತಮಾಷೆ ಎಂದುಕೊಂಡರೆ ಅರ್ಧ ತಪ್ಪು. ಅತ್ತೆ ಫ್ಲಾಸ್ಕಿನೊಳಗೆ ಬೆಳೆಯುತ್ತಿದ್ದದ್ದು ನಿಜಕ್ಕೂ ಅವಳ ಅತ್ತೆಯ ಮೈಯಿಂದ ಬಂದ ಬ್ಯಾಕ್ಟೀರಿಯಾ.

ಅತ್ತೆ ಬಸ್ ಡ್ರೈವರ್. ಊರಿನ ಅತಿ ಉದ್ದದ ರೂಟು ಅವರದು. ಸ್ಟೀರಿಂಗ್ ಹಿಡಿದು ಕೂತಮೇಲೆ ನಡುದಾರಿಯಲ್ಲಿ ಇಳಿದು ಹೋಗುವಂತಿಲ್ಲವಾದ್ದರಿಂದ, ತಡೆದುಕೊಂಡು ತಡೆದುಕೊಂಡು ಮೂತ್ರದ ಸೋಂಕು ತಂದುಕೊಂಡಿದ್ದರು. ಮಾತ್ರೆ ನುಂಗಿದರೆ ಹೋಗುತ್ತಿತ್ತು. ಸ್ವಲ್ಪ ದಿನ ಬಿಟ್ಟು, ಕೊಡೆ ಮರೆತುಹೋದ ನೆಂಟರ ಹಾಗೆ ತಿರುಗಿ ಬರುತ್ತಿತ್ತು. ಹಿಂದಿನ ವರ್ಷ ಲ್ಯಾಬಿಗೆ ಇಂಥ ಹಟಮಾರಿ ಬ್ಯಾಕ್ಟೀರಿಯಾ ಬೇಕಾದಾಗ ಎಲ್ಲರಿಗಿಂತ ಮೊದಲು ಸ್ಯಾಂಪಲ್ ಕೊಟ್ಟವರು ಅತ್ತೆ. ಸಂಕೋಚ ಎನ್ನುವುದು ಅವರ ಹತ್ತಿರ ಸುಳಿದದ್ದೇ ಇಲ್ಲ. “ನನ್ನ ಹುಳಗಳಿಗೆ ಆಸ್ಪತ್ರೇಲಿ ಕೆಲಸ ಸಿಕ್ಕಿದೆ, ನನ್ನ ಮಗನಿಗಿಂತ ಬೇಗ ದಡ ಸೇರಿದ್ವು” ಎಂದು ಡಿಪೋದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಪಾಪ, ಇಂಥ ಮಾತಿಗೆಲ್ಲ ಎಂದೋ ಒಗ್ಗಿಹೋಗಿದ್ದ.

ಈ ಬ್ಯಾಕ್ಟೀರಿಯಾದ ವಿಶೇಷವೆಂದರೆ, ಅದರ ಜೀನುಗಳ ನಡುವೆ ಒಂದು ವೈರಸ್ ಮಲಗಿತ್ತು. ನಮಗೆ ನೆಗಡಿ ತರಿಸುವ ವೈರಸ್ ಅಲ್ಲ. ಬ್ಯಾಕ್ಟೀರಿಯಾಗಳನ್ನೇ ಹಿಡಿಯುವ ಜಾತಿ. ಯಾವುದೋ ಕಾಲದಲ್ಲಿ ಒಳಹೊಕ್ಕು, ಕೊಲ್ಲುವ ಉಸಾಬರಿ ಬಿಟ್ಟು, ಮನೆಯವರ ಜೀನಿನ ಜೊತೆ ತನ್ನದನ್ನೂ ಹೊಲಿದುಕೊಂಡು ನಿದ್ದೆ ಹೋಗಿತ್ತು. ಬ್ಯಾಕ್ಟೀರಿಯಾ ಒಂದಿದ್ದದ್ದು ಎರಡಾದರೆ ಇದೂ ಎರಡಾಗುತ್ತಿತ್ತು, ಬೆವರಿನ ಹನಿ ಸುರಿಸದೆ. ಲ್ಯಾಬಿನಲ್ಲಿ ಎಲ್ಲರೂ ಅದನ್ನು ‘ಸೋಂಬೇರಿ’ ಎನ್ನುತ್ತಿದ್ದರು. ಸೊಸೆ ತಿಂಗಳುಗಟ್ಟಲೆ ಒದ್ದಾಡಿ ಕೆಲವು ಬ್ಯಾಕ್ಟೀರಿಯಾಗಳಿಂದ ಈ ಸೋಂಬೇರಿಯನ್ನು ಒಕ್ಕಲೆಬ್ಬಿಸಿದ್ದಳು. ಹಾಗೆ ಖಾಲಿಯಾದವು ಸೊಸೆ ಫ್ಲಾಸ್ಕಿನಲ್ಲಿ; ಸೋಂಬೇರಿಯನ್ನು ಹೊತ್ತುಕೊಂಡೇ ಇದ್ದವು ಅತ್ತೆ ಫ್ಲಾಸ್ಕಿನಲ್ಲಿ. ಮಿಕ್ಕಂತೆ ಎರಡೂ ತದ್ರೂಪು.

ಆ್ಯಂಟಿಬಯಾಟಿಕ್ ಸುರಿದರೆ ಇವೆರಡರಲ್ಲಿ ಯಾವುದು ಬದುಕುತ್ತದೆ ಎಂಬುದೇ ಅವಳ ಪ್ರಶ್ನೆ. ಪಕ್ಕದ ಮೇಜಿನ ಸಹೋದ್ಯೋಗಿಗೆ ಈ ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವನಿಗೆ ದಪ್ಪ ಮೀಸೆ, ಲ್ಯಾಬಿನಲ್ಲಿ ಅವನ ಹೆಸರೂ ಮೀಸೆಯೇ.

“ಬಾಡಿಗೆ ಕೊಡದೆ ಯಾರಮ್ಮ ಮನೇಲಿ ಇಟ್ಕೋತಾರೆ? ಆ ಸೋಂಬೇರಿ ಬ್ಯಾಕ್ಟೀರಿಯಾನ ಕಾಪಾಡುತ್ತೆ. ಮದ್ದು ಬಂದಾಗ ಬೆಳವಣಿಗೆ ನಿಧಾನ ಮಾಡಿ ಬಚ್ಚಿಡುತ್ತೆ. ನನ್ನ ಬ್ಯಾಕ್ಟೀರಿಯಾದಲ್ಲಿ ನಾನೇ ಕಣ್ಣಾರೆ ನೋಡಿದ್ದೀನಿ” ಎನ್ನುತ್ತಿದ್ದ.

“ನಿನ್ನದರಲ್ಲಿ ಇರಬಹುದು. ನನ್ನ ಅತ್ತೆ ಹುಳದಲ್ಲಿ ಹಾಗಲ್ಲ” ಎನ್ನುತ್ತಿದ್ದಳು ಸೊಸೆ.

ಅವಳ ಮಾತಿಗೂ ಆಧಾರವಿತ್ತು. ಬ್ಯಾಕ್ಟೀರಿಯಾದ ಜೀನುಗಳನ್ನು ತುಂಡರಿಸುವ ಒಂದು ಆ್ಯಂಟಿಬಯಾಟಿಕ್ ಇದೆ. ಅವಳು ಅದನ್ನು ಕತ್ತರಿ ಮದ್ದು ಎನ್ನುತ್ತಿದ್ದಳು. ಅದು ಒಳಗೆ ಕೈಯಾಡಿಸಿದೊಡನೆ ಬ್ಯಾಕ್ಟೀರಿಯಾ ಬೊಬ್ಬೆ ಹೊಡೆಯುತ್ತದೆ, ಆ ಗಲಾಟೆಗೆ ಸೋಂಬೇರಿಗೆ ಎಚ್ಚರವಾಗುತ್ತದೆ. ಮನೆ ಬೀಳುವುದು ಖಾತ್ರಿಯಾದಮೇಲೆ ಅದಕ್ಕೆ ಯಾವ ದಾಕ್ಷಿಣ್ಯ? ತನ್ನಂಥವನ್ನು ರಾಶಿರಾಶಿ ಮಾಡಿಕೊಂಡು, ಮನೆಯನ್ನೇ ಒಡೆದು ಹೊರಬೀಳುತ್ತದೆ. ಹೊರಗಿನಿಂದ ಮದ್ದು, ಒಳಗಿನಿಂದ ಸೋಂಬೇರಿ. ಆ ಎರಡರ ನಡುವೆ ಸಿಕ್ಕ ಅತ್ತೆ ಫ್ಲಾಸ್ಕಿನ ಬ್ಯಾಕ್ಟೀರಿಯಾಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬದುಕಿದ್ದವು. ಖಾಲಿಯಾಗಿದ್ದ ಸೊಸೆ ಫ್ಲಾಸ್ಕಿನವು ಎಷ್ಟೋ ಜಾಸ್ತಿ ಉಳಿದಿದ್ದವು. ಸತ್ತಂತೆ ಬಿದ್ದುಕೊಂಡು, ಮದ್ದು ಹೋದಮೇಲೆ ಮೈಮುರಿದು ಎದ್ದಿದ್ದವು. ಇದನ್ನು ಅವಳು ಚಳಿಗಾಲದಲ್ಲಿ ಎರಡು ಸಲ ಮಾಡಿ ನೋಡಿ, ಖುಷಿಯಲ್ಲಿ ಕಾರಿಡಾರಿನಲ್ಲಿ ಕುಣಿದಿದ್ದಳು.

ಈಗ ಅತ್ತೆಗೆ ಸೋಂಕು ಮತ್ತೆ ಬಂದಿತ್ತು. ಬಂದದ್ದೂ ಎಂಥ ಹೊತ್ತಿನಲ್ಲಿ! ಡಿಪೋಗೆ ಹೊಸ ಎಲೆಕ್ಟ್ರಿಕ್ ಬಸ್ ಬಂದು ನಿಂತಿತ್ತು, ಅದರ ಮೊದಲ ಟ್ರಿಪ್ಪಿಗೆ ಅತ್ತೆಯನ್ನೇ ಆರಿಸಿದ್ದರು. ಅತ್ತೆ ಅದಕ್ಕಾಗಿ ಯೂನಿಫಾರ್ಮ್ ಹೊಲಿಸಿಕೊಂಡಿದ್ದರು, ಕನ್ನಡಕ ಬದಲಾಯಿಸಿದ್ದರು, ಬೀದಿಯವರಿಗೆಲ್ಲ ಆಮಂತ್ರಣ ಕೊಟ್ಟಿದ್ದರು. ಆದರೆ ಸೋಂಕು ಪೂರ್ತಿ ಹೋಗದೆ ಡಿಪೋದ ಡಾಕ್ಟರು ಸಹಿ ಹಾಕುವುದಿಲ್ಲ. ಸಹಿ ಇಲ್ಲದೆ ಬಸ್ ಇಲ್ಲ. ಚಿಕಿತ್ಸೆ ಕೊಡುವ ಡಾಕ್ಟರು ಎರಡು ಔಷಧಿ ಹೆಸರು ಹೇಳಿದ್ದರು: ಒಂದು ಅದೇ ಕತ್ತರಿ ಮದ್ದು, ಇನ್ನೊಂದು ಬ್ಯಾಕ್ಟೀರಿಯಾದ ಗೋಡೆ ಕೆಡವುವುದು. “ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಶಕ್ತಿ. ಯಾವುದಾದರೂ ಸರಿ, ಇವತ್ತು ಹೇಳಿ, ಬರೆದುಕೊಡುತ್ತೇನೆ” ಎಂದಿದ್ದರು.

ಅತ್ತೆ ಊಟದ ಮೇಜಿಗೆ ಬಂದು ಸೊಸೆಯ ಎದುರು ಕೂತರು.

“ವರ್ಷದಿಂದ ನನ್ನ ಹುಳನ ಸಾಕ್ತಾ ಇದ್ದೀಯ. ಮಗು ಥರ ನೋಡ್ಕೋತೀಯ, ರಜಾ ದಿನಾನೂ ಹೋಗಿ ಊಟ ಹಾಕಿ ಬರ್ತೀಯ. ಈಗ ಹೇಳು, ಅದು ಯಾವ ಮದ್ದಿಗೆ ಬಗ್ಗುತ್ತೆ?”

ಸೊಸೆಯ ಬಾಯಿ ತುಂಬ ಅನ್ನವಿತ್ತು. ಅದನ್ನು ನುಂಗುವಷ್ಟೂ ತಾಳ್ಮೆ ಇಲ್ಲದೆ, “ಕತ್ತರಿ ಮದ್ದು! ಕಣ್ಣು ಮುಚ್ಕೊಂಡು ತಗೊಳ್ಳಿ. ಒಳಗಿರೋ ಸೋಂಬೇರಿನೇ ಎದ್ದು ನಿಮ್ಮ ಕೆಲಸ ಮುಗಿಸಿಕೊಡ್ತಾನೆ” ಎಂದುಬಿಟ್ಟಳು. ಹೀಗೆ ಜಂಭ ಕೊಚ್ಚುವುದರಲ್ಲಿ ಅವಳದು ಎತ್ತಿದ ಕೈ. ಡಾಕ್ಟರಿಂದ ಚೀಟಿ ಬರೆಸಿಕೊಂಡು, ಔಷಧಿ ಅಂಗಡಿ ಮುಚ್ಚುವ ಮೊದಲೇ ಮಾತ್ರೆ ತರಲು ಗಂಡ ಹೊರಟ.

ಮರುದಿನ ಇದೇ ಜಂಭವನ್ನು ಅವಳು ಲ್ಯಾಬಿನ ಮೇಡಂ ಮುಂದೆಯೂ ಕೊಚ್ಚಿದಳು. ಮೇಡಂ ಕನ್ನಡಕ ಕೆಳಗಿಳಿಸಿ ನೋಡಿದರು. ಅವರು ಹಾಗೆ ನೋಡಿದರೆ ಫ್ರಿಜ್ಜೂ ಸದ್ದು ಮಾಡುವುದನ್ನು ನಿಲ್ಲಿಸುತ್ತದೆ ಎಂದು ಮೀಸೆಯ ಅಂಬೋಣ.

“ಯಾವಾಗ ಮಾಡಿದ್ದು ಅದನ್ನ? ಚಳಿಗಾಲದಲ್ಲಾ? ಆಮೇಲೆ ಒಂದು ಸಲಾನೂ ಇಲ್ಲ?”

“ಇಲ್ಲ ಮೇಡಂ, ಆದರೆ…”

“ಆದರೆಗೀದರೆ ಬೇಡ. ಇವತ್ತು ನನ್ನ ಕಣ್ಣೆದುರು ಮತ್ತೆ ಮಾಡು.”

ಮಾಡಿದಳು. ಎರಡು ಫ್ಲಾಸ್ಕಿಗೂ ಮದ್ದು ಹಾಕಿ, ಆಮೇಲೆ ಆ ಮದ್ದನ್ನು ತೊಳೆದು ತೆಗೆದು, ಉಳಿದದ್ದನ್ನು ತಟ್ಟೆಗಳ ಮೇಲೆ ಹರಡಿ ಬೆಚ್ಚಗಿಟ್ಟಳು. ಬದುಕಿದ ಒಂದೊಂದು ಬ್ಯಾಕ್ಟೀರಿಯಾವೂ ಮರುದಿನಕ್ಕೆ ಒಂದೊಂದು ಬಿಳಿ ಚುಕ್ಕೆಯಾಗಿ ಬೆಳೆಯಬೇಕು. ಬೆಳಗ್ಗೆ ಮುಚ್ಚಳ ತೆಗೆದು ಎಣಿಸಿದಳು. ಅತ್ತೆ ತಟ್ಟೆಯಲ್ಲಿ ಬೆರಳೆಣಿಕೆಯಷ್ಟು ಚುಕ್ಕೆ. ಸೊಸೆ ತಟ್ಟೆಯಲ್ಲೂ ಬೆರಳೆಣಿಕೆಯಷ್ಟೇ ಚುಕ್ಕೆ. ಚಳಿಗಾಲದಲ್ಲಿ ಕಂಡ ವ್ಯತ್ಯಾಸದ ಸುಳಿವೇ ಇರಲಿಲ್ಲ.

ಅಂದರೆ ಸೋಂಬೇರಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಎದ್ದು ಮನೆ ಒಡೆಯುವ ಕಥೆಯೆಲ್ಲ ಬರೀ ಕಥೆ. ಕತ್ತರಿ ಮದ್ದಿನ ಮಾಮೂಲು ಶಕ್ತಿ ಡಾಕ್ಟರಿಗೆ ಗೊತ್ತೇ ಇತ್ತು, ಇನ್ನೊಂದಕ್ಕೂ ಅಷ್ಟೇ ಶಕ್ತಿ ಎಂದು ಅವರೇ ಹೇಳಿದ್ದರು. ಸೊಸೆ ಊಟದ ಮೇಜಿನಲ್ಲಿ ಕೊಟ್ಟ ಮಾತಿಗೆ ಈಗ ಕಾಲೇ ಇರಲಿಲ್ಲ.

ಮೇಡಂ ತಮ್ಮ ಕೋಣೆಗೆ ಹೋದರು. ಮೀಸೆ ಹತ್ತಿರ ಬಂದು, “ಹೋಗಲಿ ಬಿಡು, ಎಲ್ಲರಿಗೂ ಆಗುತ್ತೆ” ಎಂದು ಕಾಫಿ ತಂದುಕೊಟ್ಟ. ಅವನು ಗೆದ್ದೆನೆಂದು ಕುಣಿದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಕಾಫಿಯನ್ನು ಮಾತ್ರ ಅವಳಿಗೆ ಕುಡಿಯಲಾಗಲಿಲ್ಲ.

ಮನೆಗೆ ಬಂದವಳೇ ಅತ್ತೆಯ ಮುಂದೆ ತಲೆ ತಗ್ಗಿಸಿ ನಿಂತಳು. “ಅತ್ತೆ, ನಾನು ಹೇಳಿದ್ದು ಸರಿ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಮತ್ತೆ ಮಾಡಿದ್ರೆ ಬರಲಿಲ್ಲ.”

ಅತ್ತೆ ಸೋಫಾದ ಮೇಲೆ ಶಾಲು ಹೊದ್ದು ಕೂತಿದ್ದರು. “ಹಾಗಾದ್ರೆ?”

“ಡಾಕ್ಟರ್ ಹೇಳಿದ ಹಾಗೆ ಎರಡರಲ್ಲಿ ಯಾವುದಾದ್ರೂ ಒಂದು ತಗೊಂಡುಬಿಡಿ. ನನ್ನ ಮಾತು ಮರೆತುಬಿಡಿ.”

“ಮರೆಯೋದು ಹೇಗೆ? ಬಸ್ ಡಿಪೋಗೆಲ್ಲ ಹೇಳಿದ್ದೀನಿ, ನನ್ನ ಸೊಸೆ ಯಾವ ಮದ್ದು ಅಂತ ಹುಡುಕಿದ್ದಾಳೆ ಅಂತ. ಯಾಕೆ ಬರಲಿಲ್ಲ ಅಂತ ನೋಡು ಹೋಗು. ಉತ್ತರ ತಗೊಂಡು ಬಾ, ಆಮೇಲೆ ಮಾತಾಡೋಣ” ಎಂದವರು ಸೊಂಟ ಹಿಡಿದುಕೊಂಡು, ನೆರೆಮನೆಗೂ ಕೇಳುವ ಹಾಗೆ “ಅಯ್ಯಯ್ಯೋ” ಎಂದು ನರಳಿದರು.

ಸೊಸೆಗೆ ಜೀವ ಬಾಯಿಗೆ ಬಂತು. ಈ ಹೆಂಗಸಿನ ಹಟ ಅವಳಿಗೆ ಗೊತ್ತಿರದ್ದೇ? ಅವರು ಮಾತ್ರೆ ನುಂಗಿದ್ದನ್ನು ಅವಳು ಇನ್ನೂ ಕಂಡಿರಲೂ ಇಲ್ಲ. ಉತ್ತರ ಬರುವತನಕ ಮಾತ್ರೆ ಮುಟ್ಟದೆ ಕೂತರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ, ಜ್ವರ ಬರುತ್ತದೆ, ಹೊಸ ಬಸ್ಸಿರಲಿ, ಆಸ್ಪತ್ರೆಯ ಮಂಚವೇ ಗತಿ. ಗಂಡನನ್ನು ಅಡುಗೆಮನೆಗೆ ಎಳೆದು, “ನೀವಾದ್ರೂ ಹೇಳಿ, ಮಾತ್ರೆ ತಗೊಳ್ಳೋಕೆ” ಎಂದಳು. ಅವನು ಪಾತ್ರೆಗಳ ಕಡೆ ನೋಡುತ್ತ, “ಅಮ್ಮ ನನ್ನ ಮಾತು ಯಾವತ್ತು ಕೇಳಿದ್ದಾರೆ?” ಎಂದು ಹೇಳಿ, ಎಂದೂ ಇಲ್ಲದ ಹಾಗೆ ಬೇಗ ಹೋಗಿ ಮಲಗಿಬಿಟ್ಟ.

ಅಂದಿನಿಂದ ಅವಳು ಲ್ಯಾಬಿನಲ್ಲೇ ಬೀಡುಬಿಟ್ಟಳು. ಮದ್ದು ಹಳೆಯದಾಗಿತ್ತೇ? ಹೊಸದು ತರಿಸಿದಳು, ಫಲಿತಾಂಶ ಅದೇ. ಚೀಟಿ ಅದಲುಬದಲಾಗಿತ್ತೇ? ಇಲ್ಲ. ಉಷ್ಣತೆ, ನೀರು, ಉಪ್ಪು ಎಲ್ಲ ನೋಡಿದ್ದಾಯಿತು. ಮನೆಗೆ ಹೋದರೆ ಅತ್ತೆಯ ನರಳಾಟ, ಲ್ಯಾಬಿಗೆ ಬಂದರೆ ಬೋಳು ತಟ್ಟೆ. ಕೊನೆಗೆ ಏನೂ ತೋಚದೆ, ಫ್ಲಾಸ್ಕುಗಳನ್ನು ಕುಲುಕುವ ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ತಲೆಯ ಮೇಲೆ ಕೈಹೊತ್ತು ಕೂತಳು.

ಯಂತ್ರ ಹೊಸದು, ವಸಂತದಲ್ಲಿ ಬಂದದ್ದು. ಅದರೊಳಗೆ ಅತ್ತೆ, ಸೊಸೆ ಫ್ಲಾಸ್ಕುಗಳು ಅಕ್ಕಪಕ್ಕ ನಿಂತು, ಒಂದೇ ತಾಳಕ್ಕೆ ಗಿರಗಿರನೆ ತಿರುಗುತ್ತಿದ್ದವು. ಈ ಏರ್ಪಾಡಿನ ಬಗ್ಗೆ ಅವಳಿಗೆ ಬಹಳ ಹೆಮ್ಮೆ. ಎರಡಕ್ಕೂ ಒಂದೇ ಯಂತ್ರ, ಒಂದೇ ಕಾವು, ಒಂದೇ ವೇಗ, ಒಂದೇ ಕೈ. ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಮಾಡಿದಳೆಂದು ಮೀಸೆ ಬಾಯಿ ತೆಗೆಯಲೂ ಸಂದು ಕೊಟ್ಟಿರಲಿಲ್ಲ. ಅತ್ತೆಯನ್ನು ತೆರೆದರೆ ಮರುಕ್ಷಣ ಸೊಸೆಯನ್ನು ತೆರೆಯುವಳು. ಅತ್ತೆಯನ್ನು ಮುಚ್ಚಿದರೆ ಸೊಸೆಯನ್ನೂ ಮುಚ್ಚುವಳು. ಚಳಿಗಾಲದಲ್ಲಿ ಹೀಗಿರಲಿಲ್ಲ. ಆಗಿನ ಹಳೆಯ ಯಂತ್ರದಲ್ಲಿ ಒಂದೇ ಫ್ಲಾಸ್ಕಿಗೆ ಜಾಗವಿದ್ದದ್ದು, ಸೊಸೆ ಫ್ಲಾಸ್ಕನ್ನು ಕೆಳಗಿನ ಮಹಡಿಯವರ ಕೈಕಾಲು ಹಿಡಿದು ಅವರ ಯಂತ್ರದಲ್ಲಿ ಇಡುತ್ತಿದ್ದಳು. ಅದೆಂಥ ತಾರತಮ್ಯ ಎಂದು ಆಗ ಅವಳಿಗೇ ಕಿರಿಕಿರಿಯಾಗುತ್ತಿತ್ತು.

ನೋಡುತ್ತ ಕೂತವಳಿಗೆ ಅತ್ತೆ ಫ್ಲಾಸ್ಕಿನ ಹತ್ತಿಯ ಬಿರಡೆ ಒದ್ದೆಯಾಗಿದ್ದದ್ದು ಕಂಡಿತು. ಸೊಸೆ ಫ್ಲಾಸ್ಕಿನ ಬಿರಡೆಯೂ ಒದ್ದೆ. ಯಂತ್ರದ ವೇಗ ಹೆಚ್ಚಾಗಿ ಒಳಗಿನ ದ್ರವ ಬಿರಡೆಯವರೆಗೆ ಎಗರುತ್ತಿತ್ತು. ಅವಳು ಸ್ಟೂಲಿನಿಂದ ಎದ್ದು ನಿಂತಳು. ಬ್ಯಾಕ್ಟೀರಿಯಾ ಆದರೆ ಆ ಹತ್ತಿಯಲ್ಲೇ ಸಿಕ್ಕಿಬೀಳುತ್ತಿತ್ತು. ಆದರೆ ಸೋಂಬೇರಿ ಅದಕ್ಕಿಂತ ಎಷ್ಟೋ ಸಣ್ಣದು. ಮದ್ದಿಲ್ಲದಿದ್ದರೂ ಸಾವಿರಾರರಲ್ಲಿ ಒಂದು ಸೋಂಬೇರಿ ಸುಮ್ಮನೆ ಎದ್ದು ಹೊರಬರುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಒಂದು ಹನಿ ಸಾಕು, ಅತ್ತೆಯ ಮನೆಯಿಂದ ಹೊರಟು ಸೊಸೆಯ ಮನೆಗೆ ನುಗ್ಗಿ ಮತ್ತೆ ಮಲಗಲು.

ಇದು ನಿಜವೋ ಸುಳ್ಳೋ ಎಂದು ನೋಡುವುದಕ್ಕೆ ದಾರಿ ಇತ್ತು. ಸೋಂಬೇರಿಯನ್ನು ಹೊತ್ತ ಬ್ಯಾಕ್ಟೀರಿಯಾ ಅದೇ ಜಾತಿಯ ಇನ್ನೊಂದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿಜಕ್ಕೂ ಖಾಲಿ ಇರುವಂಥದ್ದು ಮಾತ್ರ ಅದಕ್ಕೆ ಬಲಿಯಾಗುತ್ತದೆ; ಒಳಹೊಕ್ಕ ಸೋಂಬೇರಿಗಳೆಲ್ಲ ಮಲಗುವುದಿಲ್ಲ, ಹೆಚ್ಚಿನವು ಮನೆ ಒಡೆಯುತ್ತವೆ. ಅವಳು ಡೀಪ್ ಫ್ರೀಜರಿನ ತಳದಿಂದ, ಚಳಿಗಾಲದಲ್ಲಿ ಎತ್ತಿಟ್ಟಿದ್ದ ಹಳೆಯ ಸೊಸೆಯ ಟ್ಯೂಬು ತೆಗೆದಳು. ಆ ಶುದ್ಧ ಬ್ಯಾಕ್ಟೀರಿಯಾವನ್ನು ತಟ್ಟೆಯ ತುಂಬ ತೆಳ್ಳಗೆ ಬಳಿದಳು. ಈಗಿನ ಸೊಸೆ ಫ್ಲಾಸ್ಕಿನ ನೀರನ್ನು, ಬ್ಯಾಕ್ಟೀರಿಯಾ ದಾಟಲಾರದಷ್ಟು ಸಣ್ಣ ಜರಡಿಯಲ್ಲಿ ಸೋಸಿ, ಅದರ ಮೇಲೆ ಒಂದೇ ಒಂದು ಹನಿ ಬಿಟ್ಟಳು. ಆ ಹನಿಯಲ್ಲಿ ಸೋಂಬೇರಿ ಇಲ್ಲದಿದ್ದರೆ ತಟ್ಟೆಯ ಮೇಲೆ ಏನೂ ಆಗಬಾರದು.

ಮರುದಿನ ಬೆಳಗ್ಗೆ ಮುಚ್ಚಳ ತೆಗೆದರೆ, ಹಾಲಿನ ಕೆನೆಯಂತೆ ಬೆಳೆದ ಬ್ಯಾಕ್ಟೀರಿಯಾದ ನಡುವೆ, ಹನಿ ಬಿದ್ದ ಜಾಗದಲ್ಲಿ, ದುಂಡನೆಯ ತೂತು.

ಅವಳು ಕೂಗಿದ ಕೂಗಿಗೆ ಮೀಸೆಯ ಕೈಯಿಂದ ಗಾಜಿನ ಬೀಕರು ಜಾರಿ ಚೂರಾಯಿತು. ಮೇಡಂ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಓಡಿಬಂದರು.

“ಸೊಸೆ ಸೊಸೆಯಾಗಿ ಉಳಿದಿಲ್ಲ ಮೇಡಂ! ಅವಳೂ ಅತ್ತೆ ಆಗಿಬಿಟ್ಟಿದ್ದಾಳೆ! ನಾನೇ ಒಂದೇ ಮನೇಲಿ ಇಟ್ಟು ಕೆಡಿಸಿದ್ದು!”

ಮೇಡಂ ತಟ್ಟೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇಷ್ಟು ನ್ಯಾಯವಂತಳಾಗಿ ಕೆಲಸ ಹಾಳು ಮಾಡಿದೋರನ್ನ ನಾನು ಇದೇ ಮೊದಲು ನೋಡ್ತಿರೋದು” ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆಗೆ ಹತ್ತಿರದ ಮಾತು. “ಹೋಗು, ಫ್ರೀಜರಿನ ಸೊಸೆನ ಬೇರೆ ಮಹಡೀಲಿ ಬೆಳೆಸು. ಅತ್ತೆನ ಮುಟ್ಟಿದ ಕೈ, ಅತ್ತೆನ ಮುಟ್ಟಿದ ಕೋಟು, ಯಾವುದೂ ಆ ಕಡೆ ಸುಳೀಬಾರದು. ನಾನೇ ಎಣಿಸ್ತೀನಿ.”

ಮೇಡಂ ಎಣಿಸಿದರು. ಸೊಸೆ ತಟ್ಟೆ ತುಂಬಿ ತುಳುಕುತ್ತಿತ್ತು; ಅತ್ತೆ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಮತ್ತೆ ಮಾಡಿಸಿದರು, ಮತ್ತೆ ಅದೇ. ಇನ್ನೊಮ್ಮೆ ಮೀಸೆಯ ಕೈಯಿಂದ ಮಾಡಿಸಿದರು. ಅವನು ತನ್ನ ಕೈಯಾರೆ ಎಣಿಸಿ, ಮೀಸೆ ತಿರುವಿಕೊಂಡು, “ನನ್ನ ಹುಳದಲ್ಲಿ ಸೋಂಬೇರಿ ಕಾವಲುಗಾರ, ನಿನ್ನದರಲ್ಲಿ ಮನೆಮುರುಕ. ಇಬ್ಬರೂ ಸರಿ, ಆಗಬಹುದಾ?” ಎಂದ. ಆಗಬಹುದು ಎಂದಳು ಅವಳು. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಆದರೆ ಅಲ್ಲಿ ನಿಂತು ಸಂಭ್ರಮಿಸಲು ಪುರುಸೊತ್ತಿರಲಿಲ್ಲ. ಮನೆಯಲ್ಲಿ ಹಟ ಹಿಡಿದು ಕೂತವರ ನೆನಪಾಗಿ, ಕೋಟು ಬಿಚ್ಚಿ ಎಸೆದು, ಮೆಟ್ಟಿಲು ಹಾರಿ, ಬೀದಿಯುದ್ದಕ್ಕೂ ಓಡಿದಳು.

“ಅತ್ತೆ! ಕತ್ತರಿ ಮದ್ದೇ! ಸೋಂಬೇರಿ ಎದ್ದೇಳ್ತಾನೆ, ನಿಜ! ಈಗಲೇ ಮಾತ್ರೆ ಶುರು ಮಾಡಿ!”

ಅತ್ತೆ ಹೊಸ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದರು. ಶಾಲು ಇಲ್ಲ, ನರಳಾಟ ಇಲ್ಲ. ಗಲ್ಲ ಕೆಂಪಗೆ ಹೊಳೆಯುತ್ತಿತ್ತು.

“ಶುರು ಏನು ಬಂತು, ಮುಗಿದು ಎಷ್ಟೋ ದಿನ ಆಯ್ತು. ಬೆಳಗ್ಗೆ ಡಿಪೋ ಡಾಕ್ಟರ್ ಪರೀಕ್ಷೆ ಮಾಡಿ ಸಹಿನೂ ಹಾಕಿದ್ರು. ಸೋಂಕಿನ ಸುಳಿವೇ ಇಲ್ಲವಂತೆ.”

“ಯಾವ ಮಾತ್ರೆ?”

“ನೀನು ಹೇಳಿದ್ದೇ.”

“ಯಾವಾಗ?”

“ನೀನು ಹೇಳಿದ ರಾತ್ರಿನೇ. ಇವನು ತಂದುಕೊಟ್ಟ, ನಾನು ನುಂಗಿದೆ.”

ಬಾಗಿಲ ಹತ್ತಿರ ನಿಂತಿದ್ದ ಗಂಡ ಮೆಲ್ಲಗೆ ಹಿತ್ತಿಲ ಕಡೆ ಕಾಲು ಕಿತ್ತ. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ತಾನು ಪಟ್ಟ ಭಯ, ದಾರಿಯುದ್ದಕ್ಕೂ ಕಚ್ಚಿಕೊಂಡ ಉಗುರು, ನುಂಗಲಾಗದ ತುತ್ತು, ಎಲ್ಲ ಒಟ್ಟಿಗೆ ನೆನಪಾಯಿತು.

“ಉತ್ತರ ಬರೋವರೆಗೂ ತಗೊಳ್ಳಲ್ಲ ಅಂದ್ರಿ! ನಾನು ಅಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು…”

“ತಗೊಳ್ಳಲ್ಲ ಅಂತ ನಾನ್ಯಾವಾಗ ಹೇಳಿದೆ? ಉತ್ತರ ತಗೊಂಡು ಬಾ ಅಂದೆ. ಸ್ವಲ್ಪ ನರಳಿದೆ, ಅಷ್ಟೇ.”

“ಯಾಕೆ ಅತ್ತೆ? ಗುಣ ಆಯ್ತು ಅಂತ ಒಂದು ಮಾತು ಹೇಳಬಾರದಿತ್ತಾ?”

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಅವಳನ್ನು ಕುರ್ಚಿಯಲ್ಲಿ ಕೂರಿಸಿದರು.

“ಹೇಳಿದ್ರೆ ನೀನು ಹುಡುಕೋದು ನಿಲ್ಲಿಸ್ತಿದ್ದೆ. ಅತ್ತೆ ಗುಣ ಆದ್ರಲ್ಲ, ಸದ್ಯ, ಅಂತ ಕೂತುಬಿಡ್ತಿದ್ದೆ. ಡಿಪೋದಲ್ಲಿ ಈ ಕಾಯಿಲೆ ನನಗೊಬ್ಬಳಿಗೇ ಅಂತ ತಿಳ್ಕೊಂಡಿದ್ದೀಯಾ? ಆರು ಜನ ಹೆಂಗಸರು ಬಸ್ ಓಡಿಸ್ತೀವಿ, ಆರು ಜನಕ್ಕೂ ಬಂದುಬಂದು ಹೋಗುತ್ತೆ. ನಾನು ನಿನ್ನ ಬಾಯಿಂದ ಬಂದ ಮಾತಿಗೆ ಮಾತ್ರೆ ನುಂಗಿದೆ, ಯಾಕಂದ್ರೆ ನಾನು ನಿನ್ನ ಅತ್ತೆ. ಅವರೇನು ನಿನ್ನ ಅತ್ತೆಯರಾ?”

ಸೊಸೆಯ ಸಿಟ್ಟು ಎಲ್ಲಿ ಹೋಯಿತೋ. ಮೂರು ಸಲ ಎಣಿಸದೆ ಮೇಡಂ ನಂಬಿರಲಿಲ್ಲ, ತನ್ನ ಕೈಯಲ್ಲೇ ಮಾಡಿ ನೋಡದೆ ಮೀಸೆ ನಂಬಿರಲಿಲ್ಲ, ತಟ್ಟೆ ಬೋಳಾದ ದಿನ ಅವಳನ್ನು ಅವಳೇ ನಂಬಿರಲಿಲ್ಲ. ಅವರೆಲ್ಲ ಮಾಡಿದ್ದೇ ಸರಿ. ಅವಳ ಕೆಲಸ ನಡೆಯಬೇಕಾದದ್ದೇ ಹಾಗೆ. ಆದರೂ, ಬಾಯಿ ತುಂಬ ಅನ್ನ ಇಟ್ಟುಕೊಂಡು ಆಡಿದ ಒಂದು ಮಾತಿಗೆ ಯಾರೋ ನೀರಿನ ಲೋಟ ಕೈಗೆತ್ತಿಕೊಂಡಿದ್ದರು, ಆ ಮಾತು ಸುಳ್ಳಿರಬಹುದು ಎಂದು ತಾನೇ ಬಂದು ಹೇಳಿದಮೇಲೂ ನುಂಗುತ್ತ ಹೋಗಿದ್ದರು ಎಂದು ತಿಳಿದು ಅವಳಿಗೆ ಅಳು ಒತ್ತರಿಸಿಕೊಂಡು ಬಂತು. ಅತ್ತೆಯ ಸೊಂಟಕ್ಕೆ ಮುಖ ಒತ್ತಿ ಅತ್ತಳು, ಅಳುವಿನ ನಡುವೆಯೇ ನಗು ಬಂದು ಬಿಕ್ಕಿದಳು.

“ಏ, ಇಸ್ತ್ರಿ ಅರ್ಧಕ್ಕೇ ನಿಂತಿದೆ” ಎಂದರು ಅತ್ತೆ. ಆದರೆ ಅವಳ ತಲೆಯ ಮೇಲಿನ ಕೈಯನ್ನು ತೆಗೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಸೊಸೆ ಮೂಗು ಒರೆಸಿಕೊಂಡು ಸಂಶೋಧಕಿಯಾದಳು. “ಒಂದು ಮಾತು ಅತ್ತೆ. ನಿಮಗೆ ಗುಣವಾದದ್ದು ಪುರಾವೆ ಅಲ್ಲ. ಇನ್ನೊಂದು ಮಾತ್ರೆ ತಗೊಂಡಿದ್ರೂ ಗುಣ ಆಗ್ತಿತ್ತೇನೋ. ಆಮೇಲೆ, ಅವರ ಹುಳಗಳಲ್ಲಿ ಸೋಂಬೇರಿ ಇದೆಯೋ ಇಲ್ಲವೋ, ಇದ್ರೆ ಅದು ಕಾವಲುಗಾರನೋ ಮನೆಮುರುಕನೋ, ಅದೂ ಗೊತ್ತಿಲ್ಲ. ಒಬ್ಬೊಬ್ಬರದೂ ಬೇರೆ ಬೇರೆ ನೋಡಬೇಕು.”

“ನೋಡು. ಬೇಡ ಅಂದೋರ್ಯಾರು?” ಅತ್ತೆ ಯೂನಿಫಾರ್ಮನ್ನು ಮೈಮೇಲೆ ಹಿಡಿದು, ಕಾಲರು ಸರಿಮಾಡಿ ಕನ್ನಡಿಯಲ್ಲಿ ನೋಡಿಕೊಂಡರು. “ನಾಳೆ ಮೊದಲ ಟ್ರಿಪ್ಪಿಗೆ ಐದೂ ಜನ ಬರ್ತಿದ್ದಾರೆ, ಹಿಂದಿನ ಸೀಟು ಹಿಡಿದಿಟ್ಟಿದ್ದೀನಿ. ನೀನು ಅವರ ಮಧ್ಯೆ ಕೂತ್ಕೋ. ಉದ್ದದ ರೂಟು, ಎಲ್ಲರ ಹತ್ರಾನೂ ಸಮಾಧಾನವಾಗಿ ಮಾತಾಡಬಹುದು.”